ಎಡಚಿಯ ಗಂಟು

ಹರಿದ ಬಲೆಗೆ ದೋಣಿಯಲ್ಲಿ ಜಾಗವಿಲ್ಲ. ಎಡಚಿಯ ಗಂಡ ಮದುವೆಯಾದಾಗಿನಿಂದ ಹೇಳಿಕೊಂಡು ಬಂದ ಮಾತು ಇದು. ಬಲೆ ಬಂಡೆಗೆ ಸಿಕ್ಕಿ ಹರಿದರೆ ಆ ತುಂಡನ್ನು ಚಾಕುವಿನಿಂದ ಕೊಯ್ದು ಸಮುದ್ರಕ್ಕೇ ಬಿಡುವುದು, ಉಳಿದದ್ದನ್ನು ತಂದು ಹೆಂಡತಿಯ ಮುಂದೆ ಸುರಿಯುವುದು. ಅವಳು ಬಾಗಿಲ ಬಳಿ ಕೂತು, ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು, ಹರಿದ ಕಡೆ ಹೊಸದಾಗಿ ಹೆಣೆಯುವುದು. ಎಡಗೈಯಲ್ಲಿ ಹೆಣೆಯುತ್ತಿದ್ದರಿಂದ ಅವಳ ಗಂಟುಗಳೆಲ್ಲ ಉಲ್ಟಾ ಬೀಳುತ್ತಿದ್ದವು. "ಎಡಚಿ ಹಾಕಿದ ಗಂಟು ಬಿಚ್ಚೋಕೆ ಎಡಚೀನೇ ಬರಬೇಕು" ಎಂದು ದಡದವರು ಛೇಡಿಸುತ್ತಿದ್ದರು. ಅವಳಿಗೂ ಅದರಲ್ಲಿ ಸ್ವಲ್ಪ ಜಂಬವಿತ್ತು.

ಒಂದು ಬೆಳಗ್ಗೆ ದಡದಲ್ಲಿ ಡಾಲ್ಫಿನ್ ಸತ್ತು ಬಿದ್ದಿತ್ತು. ಊರೆಲ್ಲ ಅಲ್ಲಿ ಸೇರಿತ್ತು. ಪ್ರಾಣಿಗಳ ಡಾಕ್ಟರಮ್ಮ ಕೈಗವಸು ಹಾಕಿಕೊಂಡು ಮರಳಿನಲ್ಲಿ ಮೊಣಕಾಲೂರಿ ಕೂತು ಅದನ್ನು ಪರೀಕ್ಷಿಸುತ್ತಿದ್ದರು.

"ಸತ್ತಿದ್ದು ಒಳ್ಳೇದೇ ಆಯ್ತು ಬಿಡಿ," ಎಂದ ಎಡಚಿಯ ಗಂಡ. "ನಮ್ಮ ಬಲೆ ಕಚ್ಚಿ ಹರಿಯೋದೇ ಇವು."

"ಇದಕ್ಕೆ ಬಾಯಿ ತೆಗೆಯೋಕೇ ಆಗಿಲ್ಲ ಅಣ್ಣ. ಇನ್ನೆಲ್ಲಿಂದ ಕಚ್ಚುತ್ತೆ?" ಎಂದರು ಡಾಕ್ಟರಮ್ಮ. "ಇಲ್ಲಿ ಬಂದು ನೋಡಿ."

ಅದರ ಉದ್ದ ಮೂತಿಯ ಸುತ್ತ ನೈಲಾನ್ ಬಲೆಯ ತುಂಡೊಂದು ಬಿಗಿದುಕೊಂಡು, ಚರ್ಮ ಕೊಯ್ದು ಒಳಗೆ ಇಳಿದಿತ್ತು. ಹೊಟ್ಟೆ ಸೀಳಿದರೆ ಮೀನಿನ ಒಂದು ಮುಳ್ಳೂ ಸಿಗಲಿಲ್ಲ. ಯಾವಾಗಲೋ ನುಂಗಿದ ಎರಡು ಪ್ಲಾಸ್ಟಿಕ್ ಚೀಲಗಳಿದ್ದವು. ಒಂದರ ಮೇಲೆ ಅಂಗಡಿಯ ಅಕ್ಷರಗಳನ್ನು ಇನ್ನೂ ಓದಬಹುದಿತ್ತು.

"ಹಸಿವಿಂದ ಸತ್ತಿದೆ," ಎಂದರು ಡಾಕ್ಟರಮ್ಮ. "ಒಂದು ದಿನದಲ್ಲಿ ಅಲ್ಲ. ಎಷ್ಟೋ ದಿನ ಒದ್ದಾಡಿದೆ. ಇದು ಮೀನಲ್ಲ ನೋಡಿ, ನಮ್ಮ ಹಾಗೆ ಉಸಿರಾಡೋದಕ್ಕೆ ಮೇಲೆ ಬರಬೇಕು. ಮರಿ ಹಾಕಿ ಹಾಲು ಕುಡಿಸುತ್ತೆ. ಇದಕ್ಕೂ ಮರಿ ಇದೆ. ಅಗೋ, ಅಲ್ಲಿ."

ಅಲೆಗಳಾಚೆ ಒಂದು ಪುಟ್ಟ ರೆಕ್ಕೆ ಮೇಲೆ ಬಂತು, ಮುಳುಗಿತು, ಮತ್ತೆ ಅಲ್ಲೇ ಬಂತು.

"ದೊಡ್ಡ ಹಡಗಿನೋರು ಬಿಸಾಕಿರ್ತಾರೆ," ಎಂದ ಗಂಡ. "ಎಲ್ಲಿಂದ ತೇಲಿ ಬಂತೋ ಏನೋ. ಅದನ್ನ ನಮ್ಮ ತಲೆಗೆ ಯಾಕೆ ಕಟ್ತೀರಿ?" ಸುತ್ತ ನಿಂತಿದ್ದವರೂ ಹೌದೌದೆಂದು ತಲೆಯಾಡಿಸಿದರು.

ಡಾಕ್ಟರಮ್ಮ ಗಂಟು ಬಿಚ್ಚಲು ಹೋದರೆ ಅದು ಜಗ್ಗಲಿಲ್ಲ. "ಅಕ್ಕ, ನಿಮಗೆ ಬಲೆ ಕೆಲಸ ಗೊತ್ತಲ್ಲ, ಸ್ವಲ್ಪ ನೋಡ್ತೀರಾ?" ಎಂದು ಎಡಚಿಯನ್ನು ಕರೆದರು. ಎಡಚಿ ಕೂತು ಎಡಗೈಯ ಉಗುರು ಹಾಕಿದಳು. ಗಂಟು ತಟ್ಟನೆ ಬಿಚ್ಚಿಕೊಂಡಿತು.

ಇನ್ನೊಂದು ಗಂಟು ನೋಡಿದಳು, ಮತ್ತೊಂದು ನೋಡಿದಳು. ಎಲ್ಲವೂ ಉಲ್ಟಾ ಗಂಟುಗಳೇ.

"ಇದು ನಂದು," ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು. ಅವಳ ಪಿತ್ತ ನೆತ್ತಿಗೇರಿತ್ತು. "ಹಡಗಿನೋರಂತೆ ಹಡಗಿನೋರು! ಹೆಣೆದೋಳು ನಾನು, ಕೊಯ್ದು ಬಿಸಾಕಿದೋರು ನೀವು. ಒಂದು ತಾಯಿ ಬಾಯಿ ಕಟ್ಟಿ ಕೊಂದಿದೀವಿ ನಾವಿಬ್ಬರೂ!"

"ಜನರ ಮುಂದೆ ಯಾಕೆ ಕೂಗಾಡ್ತೀಯ? ಒಂದು ತುಂಡು..."

"ಒಂದೇನ್ರೀ? ಹದಿನೆಂಟು ವರ್ಷದಿಂದ ಬಿಸಾಕಿದ್ದೆಲ್ಲ ಎಲ್ಲಿ ಹೋಯ್ತು? ಹೇಳ್ರೀ!"

ಉತ್ತರ ಕೊಟ್ಟವರು ಡಾಕ್ಟರಮ್ಮ. "ಎಲ್ಲಾ ಅಲ್ಲೇ ಇದೆ ಅಕ್ಕ. ನೈಲಾನು ಕೊಳೆಯೋದಿಲ್ಲ. ನಾವು ಮಣ್ಣಾದ್ಮೇಲೂ ಅದು ನೀರಲ್ಲಿ ಬೇಟೆ ಆಡ್ತಾನೇ ಇರುತ್ತೆ."

ಮನೆಗೆ ಬಂದವಳೇ ಎಡಚಿ ಹೆಣೆಯುವ ಕಡ್ಡಿಯನ್ನು ಮಾಡಿನ ಸಂದಿಗೆ ಸಿಕ್ಕಿಸಿಬಿಟ್ಟಳು. "ಇನ್ಮೇಲೆ ತೆಗೆದುಕೊಂಡು ಹೋದ ಬಲೆ ಅಷ್ಟೂ ವಾಪಸ್ ಬರಬೇಕು. ಹರಿದಿದ್ದೂ ಬರಬೇಕು, ಅಂಗೈಯಗಲದ ತುಂಡೂ ಬರಬೇಕು. ಇಲ್ಲಾಂದ್ರೆ ನಾನು ಒಂದು ಗಂಟೂ ಹಾಕೋದಿಲ್ಲ."

"ನೋಡಮ್ಮ, ನಿನ್ನ ಸೊಸೆಗೆ ತಲೆ ಕೆಟ್ಟಿದೆ," ಎಂದು ಗಂಡ ತಾಯಿಯ ಹತ್ತಿರ ದೂರು ಹೇಳಿದ.

ಅತ್ತೆ ಮೂಲೆಯಲ್ಲಿ ಕೂತು ಮೀನು ಹಸನು ಮಾಡುತ್ತಿದ್ದರು. ಸೊಸೆಯ ಪರ ಅವರು ಮಾತಾಡಿದ್ದು ಅಪರೂಪ. "ನಿನಗೆ ಹಾಲು ಕುಡಿಸಿದೋಳು ನಾನು," ಎಂದರು ತಲೆಯೆತ್ತದೆ. "ಆಗ ನನ್ನ ಬಾಯಿ ಯಾರಾದ್ರೂ ಕಟ್ಟಿಹಾಕಿದ್ರೆ ನೀನು ಇವತ್ತು ಇಲ್ಲಿ ನಿಂತು ಮಾತಾಡ್ತಿರಲಿಲ್ಲ. ಆ ಗೋಣಿಚೀಲ ತಗೊಂಡು ದೋಣಿಗೆ ಹಾಕು."

ಅವನು ಗೊಣಗುತ್ತಲೇ ಗೋಣಿಚೀಲ ತೆಗೆದುಕೊಂಡು ಹೋದ. ಮಾರನೆಯ ಸಂಜೆ ಬಂದವನು ಮೀನಿನ ಬುಟ್ಟಿ ಇಳಿಸುವ ಮೊದಲೇ ಆ ಚೀಲವನ್ನು ಹೆಂಡತಿಯ ಮುಂದೆ ಸುರಿದ. ತನ್ನ ಬಲೆಯ ಹರಿದ ತುಂಡಷ್ಟೇ ಅಲ್ಲ, ನೀರಲ್ಲಿ ತೇಲುತ್ತಿದ್ದ ಯಾರದೋ ಬಲೆ, ಹಗ್ಗ, ಏಳೆಂಟು ಪ್ಲಾಸ್ಟಿಕ್ ಚೀಲಗಳೂ ಇದ್ದವು.

"ಜಾಗ ಇತ್ತು," ಎಂದ, ಅವಳ ಮುಖ ನೋಡದೆ.

"ಮರಿ ಕಾಣ್ತಾ?"

"ಅಲ್ಲೆಲ್ಲಾ ಸುತ್ತು ಹಾಕಿದೆ. ಕಾಣಲಿಲ್ಲ."

ಎಡಚಿ ಎದ್ದು ಹೆಣೆಯುವ ಕಡ್ಡಿಯನ್ನು ಕೆಳಗಿಳಿಸಿದಳು. ಈಗ ಆ ದಡದಲ್ಲಿ ಹಳೆ ಬಲೆಗೆಂದೇ ಒಂದು ದೊಡ್ಡ ಡ್ರಮ್ಮಿದೆ. ಪ್ರತಿ ದೋಣಿಯಲ್ಲೂ ಗೋಣಿಚೀಲವಿದೆ. ಮರಿ ಮಾತ್ರ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಇದನ್ನು ಓದುತ್ತಿರುವವರೇ, ಅಯ್ಯೋ ಪಾಪ ಎಂದು ಕಾಗದ ಮಡಚಿಡಬೇಡಿ. ಆ ಪಾಪದಿಂದ ಯಾವ ಮರಿಯ ಹೊಟ್ಟೆಯೂ ತುಂಬುವುದಿಲ್ಲ. ದೋಣಿಯವರಾದರೆ ಹರಿದ ಬಲೆಯನ್ನು ದಡಕ್ಕೆ ತನ್ನಿ. ಸಮುದ್ರವನ್ನೇ ನೋಡದವರಾದರೆ ಅಂಗಡಿಗೆ ಬಟ್ಟೆಯ ಚೀಲ ಒಯ್ಯಿರಿ, ಮೋರಿಗೆ ಪ್ಲಾಸ್ಟಿಕ್ ಎಸೆಯಬೇಡಿ; ಮೋರಿಯ ನೀರು ಹೊಳೆಗೆ, ಹೊಳೆಯ ನೀರು ಸಮುದ್ರಕ್ಕೆ ಹೋಗುತ್ತದೆ. ನಾವಲ್ಲ, ಬೇರೆ ಯಾರೋ ಎಂದು ಕೈ ತೊಳೆದುಕೊಳ್ಳುವ ಮೊದಲು ಒಂದು ಮಾತು ನೆನಪಿರಲಿ. ಎಡಚಿಗೆ ತನ್ನ ಗಂಟಿನ ಗುರುತು ಸಿಕ್ಕಿತು. ನೀವು ಬಿಸಾಕಿದ ಚೀಲಕ್ಕೆ ಗುರುತಿಲ್ಲ, ಅಷ್ಟೇ.