ಮೊಟ್ಟೆಯೊಳಗಿನ ಮಾತ್ರೆ

ಇರುಳಿಡೀ ಸುರಿದ ಮಳೆ ಬೆಳಗಾಗುವ ಹೊತ್ತಿಗೆ ಸುಮ್ಮನಾಗಿ, ಮೋಡ ಹರಿದ ಸಂದಿನಿಂದ ಚುರುಕು ಬಿಸಿಲು ಬಿದ್ದಿತ್ತು. ಅಂಗಳದ ಚಪ್ಪಡಿಗಳಿಂದ ಸಣ್ಣಗೆ ಹಬೆ ಏಳುತ್ತಿತ್ತು. ಎಲೆ ಅಲುಗದಂಥ ಸೆಖೆ. ಗೋಡೆಯ ಬಿರುಕಿನಲ್ಲಿ, ಬೇಲಿ ಬುಡದ ಹುಲ್ಲಿನಲ್ಲಿ ಅಡಗಿದ್ದ ಉಣುಗು, ಚಿಗಟಗಳಿಗೆಲ್ಲ ಹೇಳಿ ಮಾಡಿಸಿದಂಥ ಬೆಳಗು. ಭಗವಂತ ಬಿಸಿಲು ಕೊಡುವಾಗ ಇವರಿಗೆ, ಅವರಿಗೆ ಎಂದು ಬೇರೆ ಮಾಡುವುದಿಲ್ಲವಲ್ಲ.

ಸೊಸೆ ಅಡುಗೆಮನೆಯಲ್ಲಿ ಬೇಯಿಸಿದ ಮೊಟ್ಟೆ ಸುಲಿದು, ನಡುವೆ ಸೀಳಿ, ಹಳದಿಯೊಳಕ್ಕೆ ಮಾತ್ರೆಯೊಂದನ್ನು ಒತ್ತುತ್ತಿದ್ದಳು. ತಿಂಗಳಿಗೊಮ್ಮೆ ಅವಳು ತನ್ನ ಮನೆಯಲ್ಲೇ ಕಳ್ಳಿಯಾಗುವ ದಿನ ಅದು. ಅತ್ತೆ ಹಿತ್ತಿಲಲ್ಲಿ ಒದ್ದೆ ಬಟ್ಟೆ ಕೊಡವುವ ಸದ್ದನ್ನು ಕೇಳಿ ಖಾತ್ರಿ ಮಾಡಿಕೊಂಡು, ಕಾಲ ಬಳಿ ಜೊಲ್ಲು ಸುರಿಸುತ್ತ ಕೂತಿದ್ದ ಮನೆಯ ನಾಯಿ ಕೆಂಚನ ಕಡೆಗೆ ಬಾಗಿದಳು. ಅಷ್ಟರಲ್ಲಿ ಗೇಟು ಕಿರ್ರೆಂದಿತು.

"ಅಮ್ಮಾ... ಅಮ್ಮಾ ಇದೀರಾ?"

ಬೀದಿ ತುದಿಯ ದರ್ಜಿಯ ದನಿ. ಅಳತೆ ತೆಗೆಯುವಾಗಲೂ ಪಿಸುಗುಟ್ಟುವ ಮನುಷ್ಯ ಇವತ್ತು ಕೂಗುತ್ತಿದ್ದ. ಸೊಸೆ ಮೊಟ್ಟೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಹೊರಗೆ ಬಂದಳು.

ದರ್ಜಿ ಲೈನಿಂಗ್ ಬಟ್ಟೆಯ ತುಂಡೊಂದರಲ್ಲಿ ತನ್ನ ನಾಯಿಯನ್ನು ಸುತ್ತಿ ಎದೆಗವಚಿಕೊಂಡು ನಿಂತಿದ್ದ. ಗುಂಡಿ ಅದರ ಹೆಸರು. ಕೋಟಿನ ಗುಂಡಿಯ ಹಾಗೆ ಕಪ್ಪಗೆ, ದುಂಡಗಿದ್ದ ಹೆಣ್ಣು ನಾಯಿ. ಹೊಲಿಗೆ ಯಂತ್ರದ ಕೆಳಗೆ, ಪೆಡಲಿನ ಪಕ್ಕದಲ್ಲೇ ಅದರ ಸಂಸಾರ. ಈಗ ಅದರ ತಲೆ ಅವನ ಮೊಣಕೈ ಮೇಲಿಂದ ಜೋತು ಬಿದ್ದಿತ್ತು. ಮೂಗಿನಿಂದ ರಕ್ತದ ಸಣ್ಣ ಗೆರೆ ಇಳಿದು ಬಟ್ಟೆಗೆ ಹತ್ತಿತ್ತು.

"ಮೊನ್ನೆಯಿಂದ ಅನ್ನ ಮುಟ್ಟಿಲ್ಲ ಅಮ್ಮ. ಮೈ ಮುಟ್ಟಿದ್ರೆ ಇಸ್ತ್ರಿಪೆಟ್ಟಿಗೆ ಮುಟ್ಟಿದ ಹಾಗಿದೆ. ನಿಮ್ಮ ಎಣ್ಣೆ ಒಂದು ದಿನಾನೂ ತಪ್ಪಿಸಿಲ್ಲ, ದೇವರಾಣೆ."

ಹಿತ್ತಿಲಿಂದ ಕೈ ಒರೆಸಿಕೊಳ್ಳುತ್ತ ಬಂದ ಅತ್ತೆ ಜಗಲಿಯ ಮೇಲಿದ್ದ ದಿಂಬನ್ನು ಎಳೆದುಕೊಂಡು ಕೂತರು. "ಕೊಡು ಇಲ್ಲಿ ನನ್ನ ಕಂದನ್ನ" ಎಂದು ನಾಯಿಯನ್ನು ಮಡಿಲಿಗೆ ಹಾಕಿಕೊಂಡು, ಕಿವಿ ಮಗುಚಿ ನೋಡಿದರು. ಕಿವಿಯ ಮಡಿಕೆಯಲ್ಲಿ ಉಣುಗುಗಳು ರಕ್ತ ಕುಡಿದು, ನೆನೆದ ಕಾಳಿನ ಹಾಗೆ ಉಬ್ಬಿಕೊಂಡು ಸಾಲಾಗಿ ಕೂತಿದ್ದವು.

"ನೋಡಿದ್ಯಾ? ಕಿವಿ ಒಳಗೆ ನೀನು ಹಚ್ಚೇ ಇಲ್ಲ. ಸೂಜಿಗೆ ದಾರ ಪೋಣಿಸೋ ಕಣ್ಣಿಗೆ ಇದು ಕಾಣಲಿಲ್ವಾ?"

"ಹಚ್ಚಿದೀನಮ್ಮ."

"ಹಚ್ಚಿದ್ರೆ ಹೀಗಿರುತ್ತಾ? ನಮ್ಮ ಕೆಂಚನ್ನ ನೋಡು, ಕನ್ನಡಿ ಇಟ್ಟ ಹಾಗೆ ಹೊಳೀತಾನೆ. ಲೇ ಹುಡುಗಿ, ಒಳಗಿಂದ ದೊಡ್ಡ ಜಾಡಿ ತಗೊಂಡು ಬಾ."

ಸೊಸೆ ಅಲುಗಲಿಲ್ಲ. ಬಾಗಿ, ಗುಂಡಿಯ ತುಟಿಯನ್ನು ಬೆರಳಿನಿಂದ ಎತ್ತಿ ನೋಡಿದಳು. ವಸಡು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಷ್ಟು ಬಿಳುಪಾಗಿತ್ತು. ಕೂದಲಿಲ್ಲದ ಹೊಟ್ಟೆಯ ಮೇಲೆ ನೇರಳೆ ಚುಕ್ಕೆಗಳು ಎದ್ದಿದ್ದವು. ಇಂಥದೇ ಚಿತ್ರವನ್ನು ಅವಳು ನಾಯಿ ಡಾಕ್ಟರಮ್ಮನ ಗೋಡೆಯ ಮೇಲೆ, ಸರದಿಗೆ ಕಾಯುತ್ತ ಕೂತಾಗಲೆಲ್ಲ ನೋಡಿದ್ದಳು. ಮುಷ್ಟಿಯೊಳಗಿನ ಮೊಟ್ಟೆ ನುಜ್ಜಾಗಿ ಬೆರಳ ಸಂದಿಯಿಂದ ಹಳದಿ ಹೊರಬಂತು.

"ಅತ್ತೆ, ಎಣ್ಣೆ ಬೇಡ. ಡಾಕ್ಟರ ಹತ್ರ ಹೋಗೋಣ. ಈಗಲೇ."

"ಅದ್ಯಾಕೆ ಹಾಗೆ ಗಾಬರಿ ಬೀಳ್ತೀಯಾ? ಹಚ್ಚಿ ನೋಡೋಣ, ಸಂಜೆವರೆಗೆ..."

"ಸಂಜೆವರೆಗೆ ಇರಲ್ಲ ಅತ್ತೆ ಅದು."

ಮದುವೆಯಾಗಿ ಬಂದಂದಿನಿಂದ ಆ ದನಿಯಲ್ಲಿ ಅವಳು ಅತ್ತೆಗೆ ಉತ್ತರ ಕೊಟ್ಟಿರಲಿಲ್ಲ. ದರ್ಜಿ ಅತ್ತೆಯ ಮಡಿಲಿನಿಂದ ನಾಯಿಯನ್ನು ಎತ್ತಿಕೊಂಡು ಆಗಲೇ ಗೇಟಿನ ಕಡೆ ತಿರುಗಿದ್ದ. ಅತ್ತೆಯನ್ನು ಜಗಲಿಯಲ್ಲೇ ಬಿಟ್ಟು ಸೊಸೆ ಅವನ ಹಿಂದೆ ಓಡಿದಳು.

ಈ ಎಣ್ಣೆಯ ಕಥೆಗೆ ಬಹಳ ಹಿಂದಕ್ಕೆ ಹೋಗಬೇಕಾದ್ದಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆ ಮಗನ ಮನೆಗೆ ಬಂದಿದ್ದರು. ತಮ್ಮೂರಲ್ಲಿ ಅವರು ಕರು ಹಾಲು ಬಿಟ್ಟರೂ, ಮೇಕೆ ಮೇವು ಬಿಟ್ಟರೂ ಜನ ಬಾಗಿಲು ತಟ್ಟುವಂಥ ಹೆಂಗಸು. ಇಲ್ಲಿ ಅವರ ಕೈಗೆ ಕೆಲಸವೇ ಇರಲಿಲ್ಲ. ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದರು. ಬೀದಿಯಲ್ಲಿ ಹೋಗುವವರನ್ನು ಕಿಟಕಿಯಿಂದ ನೋಡುತ್ತ, ಅವರು ತಿರುಗಿ ನೋಡದಿದ್ದರೆ ತಾವೇ ಕೆಮ್ಮುತ್ತಿದ್ದರು. ಆಗ ಕೆಂಚನ ಮೈಗೆ ಉಣುಗು, ಚಿಗಟ ಹತ್ತಿದವು. ಅತ್ತೆ ಸೆರಗು ಸಿಕ್ಕಿಸಿ ಎದ್ದರು. ಬೇವಿನೆಣ್ಣೆಗೆ ನಿಂಬೆಹುಲ್ಲು ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಜಾಡಿ ತುಂಬಿಟ್ಟರು. ಪ್ರತಿ ಸಂಜೆ ಒತ್ತು ಹಲ್ಲಿನ ಬಾಚಣಿಗೆ ಹಿಡಿದು, "ಬಾಯಿಲ್ಲದ ಜೀವ, ನೀನೇ ಕಾಯಪ್ಪ" ಎಂದು ಕಣ್ಣು ಮುಚ್ಚಿ ಒಂದು ಗಳಿಗೆ ಕೂತು, ಆಮೇಲೆ ಕೆಂಚನ ಮೈಗೆ ತಿಕ್ಕುತ್ತಿದ್ದರು. ಚಿಗಟ ಸ್ವಲ್ಪ ಇಳಿಯಿತು. ಉಣುಗು ಮಾತ್ರ ಹೆಚ್ಚುತ್ತಲೇ ಹೋಯಿತು.

ತಡೆಯಲಾರದೆ ಸೊಸೆ ತರಕಾರಿಯ ನೆಪ ಹೇಳಿ ಕೆಂಚನನ್ನು ಡಾಕ್ಟರಮ್ಮನ ಬಳಿಗೆ ಕರೆದೊಯ್ದು ಮಾತ್ರೆ ತಂದಳು. ಮಾರನೆಯ ದಿನ ಕೆಂಚ ಮಲಗಿದ್ದ ಕಡೆಯೆಲ್ಲ ಸತ್ತ ಉಣುಗು ಉದುರಿದ್ದವು. ಅತ್ತೆ ಅವನ್ನೆಲ್ಲ ಹೆಕ್ಕಿ ಬಸಿಯೊಂದರಲ್ಲಿ ತುಂಬಿ ನಕ್ಕರು. ಅತ್ತೆ ಹಾಗೆ ಹಲ್ಲೆಲ್ಲ ಕಾಣುವಂತೆ ನಗಬಲ್ಲರೆಂದು ಸೊಸೆಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಸಿಯನ್ನು ಹಿಡಿದುಕೊಂಡು ಅವರು ಬೀದಿಗೂ ಹೋಗಿ ಬಂದರು.

"ಹೇಳಿಬಿಡಲಾ?" ಎಂದು ಅವಳು ಗಂಡನನ್ನು ಕೇಳಿದಳು. ಬಸ್ಸು ಓಡಿಸಿ ದಣಿದು ಬಂದಿದ್ದ ಅವನು ಶೂ ಕಳಚುತ್ತ, "ಸುಮ್ನಿರೇ. ಉಣುಗು ಅಮ್ಮನ ಎಣ್ಣೆಗೆ ಹೆದರಿದ್ವೋ, ಅಮ್ಮನ ಬಾಯಿಗೆ ಹೆದರಿದ್ವೋ, ಒಟ್ಟು ಹೋದ್ವಲ್ಲ. ಅವಳು ಖುಷಿಯಾಗಿದಾಳೆ. ನಿಂಗೇನು ಗಂಟು ಹೋಗುತ್ತೆ?" ಎಂದ. ತನ್ನದೇನೂ ಹೋಗುವುದಿಲ್ಲವೆಂದು ಅವಳಿಗೂ ಅನ್ನಿಸಿತು.

ಹಾಗೆ ಎಣ್ಣೆಗೆ ಹೆಸರು ಬಂತು. ಮೊದಲು ಸೀಸೆ ಹಿಡಿದು ಬಂದವನು ದರ್ಜಿ. ಹಣ ಮುಟ್ಟದ ಅತ್ತೆ, "ಖಾಲಿಯಾದ್ಮೇಲೆ ಸೀಸೆ ತೊಳೆದು ತಂದುಕೊಡು, ಅಷ್ಟು ಸಾಕು" ಎಂದಿದ್ದರು. ಅವನು ಅಷ್ಟಕ್ಕೆ ನಿಲ್ಲದೆ, ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆಗಳನ್ನು ಜೋಡಿಸಿ, ಹತ್ತಿ ತುಂಬಿ, ಚೌಕದ ದಿಂಬೊಂದನ್ನು ಹೊಲಿದು ತಂದ. "ಎಣ್ಣೆ ಹಚ್ಚೋಕೆ ಕೂರೋವಾಗ ನಿಮಗೆ ನೆಲ ಒತ್ತಬಾರದು ಅಮ್ಮ." ಅಂದಿನಿಂದ ಅತ್ತೆ ಆ ದಿಂಬಿಲ್ಲದೆ ಎಲ್ಲೂ ಕೂರುತ್ತಿರಲಿಲ್ಲ. ಬಂದವರಿಗೆಲ್ಲ ಅದರ ಹೊಲಿಗೆ ತೋರಿಸುತ್ತಿದ್ದರು.

ದಿಂಬು ತಂದ ಆ ದಿನ ಗೇಟಿನ ಬಳಿ ಸೊಸೆ ದರ್ಜಿಗೆ ಮೆಲ್ಲಗೆ ಹೇಳಿದ್ದಳು: "ಒಂದ್ಸಲ ಡಾಕ್ಟರಿಗೂ ತೋರಿಸಿ."

"ನಿಮ್ಮ ಕೆಂಚನಿಗೆ ಯಾವ ಡಾಕ್ಟರು ತೋರಿಸಿದ್ರಿ ಅಕ್ಕಾ?" ಎಂದು ಅವನು ನಕ್ಕಿದ್ದ.

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಒಳಗೆ ಅತ್ತೆ ಏನೋ ಹಾಡು ಗುನುಗುತ್ತಿದ್ದರು. ಅವಳು ಉತ್ತರವನ್ನು ನುಂಗಿ, ತಾನೂ ನಕ್ಕಿದ್ದಳು.

ಈಗ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗುಂಡಿಯ ಕಣ್ಣ ರೆಪ್ಪೆ ಬಿಡಿಸಿ ನೋಡಿ, ಕಾಲಿಗೆ ಸೂಜಿ ಚುಚ್ಚಿ ಗ್ಲೂಕೋಸ್ ಹತ್ತಿಸಿದರು. ಮಳೆಯ ನೀರು ಕಿಟಕಿಯ ಮೇಲಿನ ಸೂರಿನಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಒಳಗೆ ಗ್ಲೂಕೋಸ್ ಬಾಟಲಿಯಿಂದಲೂ ಹಾಗೇ ಹನಿ ಬೀಳುತ್ತಿತ್ತು.

"ಉಣುಗಿನ ಜ್ವರ. ಕಚ್ಚಿದಾಗ ರೋಗಾನ ರಕ್ತಕ್ಕೆ ಇಳಿಸಿಬಿಡುತ್ತೆ. ತುಂಬಾ ತಡ ಮಾಡಿದೀರಪ್ಪ. ಇಷ್ಟು ದಿನ ಏನು ಹಾಕ್ತಿದ್ರಿ?"

ದರ್ಜಿ ಜೇಬಿನಿಂದ ಸೀಸೆ ತೆಗೆದುಕೊಟ್ಟ. ತಳದಲ್ಲಿ ಒಂದಿಷ್ಟು ಎಣ್ಣೆ ಉಳಿದಿತ್ತು. ಡಾಕ್ಟರಮ್ಮ ಮೂಸಿ ನೋಡಿದರು.

"ಎಣ್ಣೆ ಕೆಟ್ಟದ್ದಲ್ಲ. ಚಿಗಟಕ್ಕೆ ಅಷ್ಟೋ ಇಷ್ಟೋ ತಡೆ. ಆದರೆ ಉಣುಗು ಇದಕ್ಕೆಲ್ಲ ಜಗ್ಗಲ್ಲ." ಆಮೇಲೆ ಸೊಸೆಯ ಕಡೆ ತಿರುಗಿ, ಪರಿಚಯದವರನ್ನು ಗದರುವ ಸಲಿಗೆಯಲ್ಲಿ, "ನೀವಾದ್ರೂ ಹೇಳಬಾರದಿತ್ತಾ? ಕೆಂಚನಿಗೆ ತಿಂಗಳು ತಿಂಗಳು ಒಯ್ತೀರಲ್ಲ, ಆ ಮಾತ್ರೆ ಇದಕ್ಕೂ ಕೊಡ್ತಾ ಬಂದಿದ್ರೆ ಸಾಕಿತ್ತು" ಎಂದು ಪಕ್ಕದ ಕೋಣೆಗೆ ಹೋದರು.

ದರ್ಜಿ ಅವಳ ಮುಖ ನೋಡಲಿಲ್ಲ. ಅವಳ ಕೈ ನೋಡಿದ. ಬೆರಳುಗಳ ಗೆರೆಯಲ್ಲಿ ಮೊಟ್ಟೆಯ ಹಳದಿ ಒಣಗಿ ಬಿರುಕು ಬಿಟ್ಟಿತ್ತು.

"ಅತ್ತೆ ಮನಸ್ಸಿಗೆ ನೋವಾಗಬಾರದು ಅಂತ..." ಅವಳು ಶುರು ಮಾಡಿದಳು.

"ಹಾಗಾದ್ರೆ ಅಮ್ಮನಿಗೆ ಗೊತ್ತಿಲ್ಲ."

"ಇಲ್ಲ."

"ಹೂಂ" ಎಂದ ದರ್ಜಿ. ಗುಂಡಿಯ ತಲೆಯ ಮೇಲೆ ಕೈಯಿಟ್ಟು, ಬಟ್ಟೆಯ ಸುಕ್ಕು ತೆಗೆಯುವವನ ಹಾಗೆ ನೆತ್ತಿಯಿಂದ ಕುತ್ತಿಗೆಯವರೆಗೆ ನೇವರಿಸುತ್ತ ಕೂತ. ಬಿಸಿಲು ನೆತ್ತಿಗೆ ಬರುವ ಮೊದಲೇ ಅದರ ಉಸಿರು ನಿಂತಿತು. ಅವನ ಕೈ ಮಾತ್ರ ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿಲ್ಲ.

ಅವಳು ಆಟೋ ಕರೆದರೆ ಅವನು ಹತ್ತಲಿಲ್ಲ. ಅದೇ ಲೈನಿಂಗ್ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ನಡೆದ. ಅವಳು ಹಿಂದೆಯೇ ಹೆಜ್ಜೆ ಹಾಕಿದಳು. ತಿರುಗಿ ನೋಡದೆಯೇ ಅವನೆಂದ: "ನೀವು ಹೋಗಿ ಅಕ್ಕಾ. ಒಲೆ ಮೇಲೆ ಏನಾದ್ರೂ ಇಟ್ಟಿರ್ತೀರ." ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಅವಳು ಆ ಬೈಗುಳವನ್ನು ಸೆರಗೊಡ್ಡಿ ತೆಗೆದುಕೊಳ್ಳುತ್ತಿದ್ದಳು.

ಮನೆಯಲ್ಲಿ ಅತ್ತೆ ಅತ್ತರು. ಅತ್ತು ಮುಗಿಸಿ, "ಕಿವಿ ಒಳಗೆ ಹಚ್ಚಲಿಲ್ಲ ಅವನು" ಎಂದರು. ಸೊಸೆ ಪಾತ್ರೆ ತೊಳೆಯಲು ಎದ್ದುಹೋದಳು.

ಕೆಲವು ದಿನ ದರ್ಜಿಯ ಅಂಗಡಿಯ ಬಾಗಿಲು ಮುಚ್ಚಿತ್ತು. ಆಮೇಲೆ ಒಂದು ಬೆಳಿಗ್ಗೆ ಅವನು ಬಂದ. ಜಗಲಿಯ ಮೇಲೆ ಅತ್ತೆ ದಿಂಬಿನ ಮೇಲೆ ಕೂತು ಜಾಡಿಯ ಮುಚ್ಚಳ ತೆಗೆಯುತ್ತಿದ್ದರು. ಮೆಟ್ಟಿಲ ಮೇಲೆ ಬೇಕರಿಯವಳು ಕಾಯುತ್ತಿದ್ದಳು. ಅವಳ ನಾಯಿ ಮರಿ ಹಾಕಿತ್ತು, ಮರಿಗಳ ಮೈಮೇಲೆ ಆಗಲೇ ಉಣುಗು ಹರಿದಾಡುತ್ತಿದ್ದವಂತೆ.

ದರ್ಜಿ ಸೀಸೆಯನ್ನು ಅತ್ತೆಯ ಮುಂದಿಟ್ಟ. ತೊಳೆದು, ಒರೆಸಿ, ಬಿಸಿಲಿಗಿಟ್ಟು ಒಣಗಿಸಿದ ಸೀಸೆ.

"ವಾಪಸ್ ಕೊಡು ಅಂದಿದ್ರಲ್ಲ ಅಮ್ಮ."

"ಅಯ್ಯೋ, ಅದಕ್ಕೆ ಇವತ್ತೇ ಬರಬೇಕಿತ್ತಾ?" ಎಂದು ಅತ್ತೆ ಅವನ ಕೈ ಹಿಡಿದರು. ಹಿಡಿದವರಿಗೆ ಕೇಳದೆ ಇರಲಾಗಲಿಲ್ಲ. "ನಿಜ ಹೇಳು. ಕಿವಿ ಒಳಗೆ ಹಚ್ಚಿರಲಿಲ್ಲ ಅಲ್ವಾ?"

ದರ್ಜಿ ತಲೆ ಎತ್ತಿದ. ಅತ್ತೆಯ ಹಿಂದೆ ಹೊಸ್ತಿಲ ಮೇಲೆ ನಿಂತಿದ್ದ ಸೊಸೆಯನ್ನು ನೋಡಿದ.

"ಇಲ್ಲ ಅಮ್ಮ. ನಂದೇ ತಪ್ಪು."

"ಅದಕ್ಕೇ ಬಡ್ಕೊಂಡೆ ನಾನು. ಎಷ್ಟು ಸಲ ಹೇಳಿದೀನಿ, ಹೊಲಿಗೆ ಮೇಲಿರೋ ಗಮನ ಆ ಜೀವದ ಮೇಲೂ ಇರಲಿ ಅಂತ. ಹೋಗಲಿ, ಇನ್ನೊಂದು ಮರಿ ತಗೋ. ಅದಕ್ಕೆ ನಾನೇ ಬಂದು ಹಚ್ಚಿಕೊಡ್ತೀನಿ."

"ಆಗಲಿ ಅಮ್ಮ" ಎಂದು ಅವನು ಹೊರಟುಹೋದ.

ತಾನು ಇಷ್ಟು ದಿನ ಪ್ರೀತಿ ಎಂದುಕೊಂಡಿದ್ದ ಸುಳ್ಳು ಇನ್ನೊಬ್ಬರ ಬಾಯಲ್ಲಿ ಹೇಗೆ ಕೇಳಿಸುತ್ತದೆಂದು ಸೊಸೆಗೆ ಆಗ ತಿಳಿಯಿತು. ಅತ್ತೆ ಅದೇ ಸೀಸೆಗೆ ಎಣ್ಣೆ ಬಗ್ಗಿಸತೊಡಗಿದರು. ಸೀಸೆ ಅರ್ಧ ತುಂಬುವಷ್ಟರಲ್ಲಿ ಅವಳು ಒಳಗೆ ಹೋಗಿ, ಅಕ್ಕಿ ಡಬ್ಬಿಯ ಹಿಂದಿನಿಂದ ಮಾತ್ರೆಯ ಪೊಟ್ಟಣ ತಂದು ಅತ್ತೆಯ ಮಡಿಲಲ್ಲಿಟ್ಟಳು. ಪೊಟ್ಟಣದ ಮೇಲೆ ನಾಯಿಯ ಚಿತ್ರ. ಅದರ ಕಾಲ ಬಳಿ ಅಂಗಾತ ಬಿದ್ದ ಉಣುಗು.

"ಏನೇ ಇದು?"

"ಕೆಂಚನದು ಅತ್ತೆ. ನೀವು ಬಸಿಯಲ್ಲಿ ತುಂಬಿಟ್ರಲ್ಲ... ಆವತ್ತಿನಿಂದ."

ಅತ್ತೆ ಚಿತ್ರದ ಮೇಲೆ ಬೆರಳಾಡಿಸಿದರು. ಎಣ್ಣೆಯ ಬೆರಳು, ಕಾಗದ ಕಪ್ಪಾಯಿತು.

"ನನ್ನ ಮಗನಿಗೆ ಗೊತ್ತಾ?"

"ಗೊತ್ತು."

"ಈಗ ಹೋದನಲ್ಲ, ಅವನಿಗೆ?"

ಸೊಸೆ ತಲೆ ತಗ್ಗಿಸಿದಳು. "ಡಾಕ್ಟರಮ್ಮ ಅವತ್ತೇ ಹೇಳಿದ್ರು."

"ಗೊತ್ತಿದ್ದೂ ನನ್ನ ಕೈಲಿ ಬೈಸ್ಕೊಂಡು ಹೋದ." ಅತ್ತೆಯ ದನಿ ಏರಲಿಲ್ಲ. "ನಾನೇನು ತೊಟ್ಟಿಲ ಕೂಸೇನೇ, ಎಲ್ಲರೂ ಸೇರಿ ಗಿಲಕಿ ಆಡಿಸ್ತಾ ಕೂರಿಸೋಕೆ?"

ಆಮೇಲೆ ಸೀಸೆಯನ್ನು ಬಗ್ಗಿಸಿ, ತುಂಬಿದ್ದ ಎಣ್ಣೆಯನ್ನು ಜಾಡಿಗೇ ವಾಪಸ್ ಸುರಿದರು. ಕೊನೆಯ ಹನಿ ಬೀಳುವವರೆಗೂ ಹಿಡಿದೇ ಇದ್ದರು. "ಎಣ್ಣೆ ಇಲ್ಲ ಕಣಮ್ಮ" ಎಂದರು ಬೇಕರಿಯವಳಿಗೆ. "ಮರಿಗಳನ್ನ ಡಾಕ್ಟರ ಹತ್ರ ಒಯ್ಯಿ. ದಾರಿ ನನ್ನ ಸೊಸೆಗೆ ಚೆನ್ನಾಗಿ ಗೊತ್ತು."

ಆ ಸಂಜೆ ಕೆಂಚ ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ಅತ್ತೆಯ ಮುಂದೆ ಕೂತ. ಅವರು ಬಾಚಣಿಗೆಯನ್ನು ಬಿಡಿಸಿಕೊಂಡು ಸೊಸೆಯ ಕಡೆಗೆ ನೆಲದ ಮೇಲೆ ಸರಿಸಿದರು. ಊಟಕ್ಕೆ ಕರೆದರೆ ಬಂದು ಕೂತು, ತಟ್ಟೆಗೆ ತಾವೇ ಬಡಿಸಿಕೊಂಡರು. ಮಗ ಏನೋ ತಮಾಷೆ ಮಾಡಲು ಹೋಗಿ, ತಾಯಿಯ ಮುಖ ನೋಡಿ, ನೀರಿನ ಲೋಟ ಎತ್ತಿಕೊಂಡ.

ಮರುದಿನ ಬೆಳಿಗ್ಗೆ ಅತ್ತೆ ದಿಂಬನ್ನು ಬಿಸಿಲಿಗೆ ಹಿಡಿದು ಕೊಡವಿ, ಅದಕ್ಕೆ ಅಂಟಿದ್ದ ಕೆಂಚನ ಕೂದಲನ್ನು ಒಂದೊಂದಾಗಿ ಹೆಕ್ಕಿದರು. ಆಮೇಲೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬೀದಿಗಿಳಿದರು. ಸೊಸೆ ಸ್ವಲ್ಪ ಹಿಂದೆ ನಡೆದಳು. ಅತ್ತೆ ಬಾ ಎಂದೂ ಅನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ.

ದರ್ಜಿ ಯಂತ್ರದ ಮುಂದೆ ಕೂತಿದ್ದ. ತುಳಿಯುವ ಮೊದಲು ಅವನ ಪಾದ ಪೆಡಲಿನ ಸುತ್ತ ಮೆಲ್ಲಗೆ ತಡವಿ ನೋಡಿತು, ಅಲ್ಲೊಂದು ಬಾಲ ಸಿಕ್ಕಿಬಿದ್ದೀತೆಂಬಂತೆ. ಬಾಗಿಲಲ್ಲಿ ನೆರಳು ಕಂಡು ತಲೆ ಎತ್ತಿದ. ಅತ್ತೆಯ ಹಿಂದಿದ್ದ ಸೊಸೆಯನ್ನೂ ನೋಡಿದ. ಎದ್ದುನಿಂತ.

ಅತ್ತೆ ದಿಂಬನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದರು. "ಎಣ್ಣೆಗೆ ಅಂತ ಕೊಟ್ಟಿದ್ದು ಇದು, ನಂಗೆ ಸಲ್ಲಲ್ಲಪ್ಪ." ಅವನು ತೆಗೆದುಕೊಳ್ಳಲಿಲ್ಲ. ಅವರೂ ಕೈ ಹಿಂದೆಗೆಯಲಿಲ್ಲ. ಹೊರಗೆ ಯಾರದೋ ಸೈಕಲ್ಲು ಗಂಟೆ ಬಾರಿಸುತ್ತ ಹೋಯಿತು. ಕೊನೆಗೆ ದರ್ಜಿ ಅಳತೆಯ ಟೇಪನ್ನು ಕೊರಳಿನಿಂದ ತೆಗೆದಿಟ್ಟು, ದಿಂಬು ತೆಗೆದುಕೊಳ್ಳಲು ಎರಡೂ ಕೈ ಮುಂದೆ ಮಾಡಿದ.