ಬಿರುಕಿಲ್ಲದ ಗಾಡಿ

ರಾಯ್ಸ್‌ನ ಪಿಕಪ್ ಗೇಟು ದಾಟಿ ಒಳಗೆ ಬಂತೆಂದರೆ ಯೂಮಾ ಊರಿನಲ್ಲಿ ಚಕ್ರದ ಮೇಲಿನ ಮನೆ, ಅಂದರೆ ಟ್ರೇಲರ್ ಮಾರುವ ವ್ಯಾಪಾರಿಗಳು ಊಟದ ನೆಪ ಹೇಳಿ ಹಿಂದಿನ ಬಾಗಿಲಿನಿಂದ ಜಾರಿಕೊಳ್ಳುತ್ತಿದ್ದರು. ಅವರದೇನು ತಪ್ಪು? ಹೊಚ್ಚ ಹೊಸ ಗಾಡಿಯ ಮಂಚದ ಹಲಗೆ ಎತ್ತಿ, "ಇದೇನ್ರೀ, ಸ್ಟೇಪ್ಲರ್ ಪಿನ್ ಹೊಡೆದು ಮನೆ ಕಟ್ಟಿದ್ದೀರಾ?" ಎಂದು ಬೇರೆ ಗಿರಾಕಿಗಳ ಎದುರಿಗೇ ಕೇಳುವ ಮನುಷ್ಯ ಯಾರಿಗೆ ಬೇಕು? ಚಾವಣಿ ಹತ್ತಿ ಕಾಲಿನಿಂದ ಒತ್ತಿ ನೋಡುತ್ತಿದ್ದ. ಮೂಲೆಮೂಲೆಗೆ ಮೂಗು ಹಚ್ಚಿ ನೀರು ಸೋರಿದ ವಾಸನೆ ಹುಡುಕುತ್ತಿದ್ದ. ಕೊನೆಗೆ ಗಾಡಿಯಡಿ ತೂರಿ, ಅಚ್ಚು ತಡೆಯುವ ಭಾರವೆಷ್ಟು, ಮೇಲಿರುವ ಭಾರವೆಷ್ಟು ಎಂದು ಲೆಕ್ಕ ಹಾಕಿ, "ರಜೆಗೆ ಹೋಗಿಬರೋಕೆ ಪರವಾಗಿಲ್ಲ, ಬದುಕೋಕಲ್ಲ" ಎಂದು ತೀರ್ಪು ಕೊಟ್ಟು ಎದ್ದುಬರುತ್ತಿದ್ದ.

ಅವನು ಹೇಳಿದ್ದೆಲ್ಲ ನಿಜವೇ ಆಗಿರುತ್ತಿತ್ತು. ಕೇಡಿಗೆ ಮೂಲವೂ ಅದೇ. ನಿಜ ಹೇಳಿ ಹೇಳಿ ಹೆಸರು ಮಾಡಿದವನು ಒಂದು ದಿನ ಸುಳ್ಳು ಹೇಳಿದರೆ ಅದನ್ನು ತಡೆಯಲು ಯಾರಿಗೆ ಸಾಧ್ಯ?

ಅವನ ಹೆಂಡತಿ ಮಾರ್ಲಾಳಿಗಂತೂ ಸಾಕುಸಾಕಾಗಿತ್ತು. ಇನ್ನು ಮುಂದೆ ಚಕ್ರದ ಮೇಲೇ ಸಂಸಾರ, ಬೇಕಾದ ಕಡೆ ಬದುಕು ಎಂದು ಇಬ್ಬರೂ ಮಾತಾಡಿಕೊಂಡು ನೆಬ್ರಾಸ್ಕಾದ ಮನೆ ಮಾರಿದ್ದರು. ಮನೆ ತಟ್ಟನೆ ಮಾರಾಟವಾಯಿತು, ಗಾಡಿ ಸಿಗಲಿಲ್ಲ. ಬೇಸಿಗೆ ಮುಗಿದಾಗಿನಿಂದ ಹೆದ್ದಾರಿ ಪಕ್ಕದ ಮೋಟೆಲ್ಲೊಂದರ ಕೋಣೆಯೇ ಗತಿ. ಅಂಗಡಿಯ ಬರಿಟೊ ಬಿಸಿ ಮಾಡಿ ತಿನ್ನುವುದು, ಹಲ್ಲುಜ್ಜುವ ಬೇಸಿನ್ನಿನಲ್ಲೇ ಕಾಫಿ ಕಪ್ಪು ತೊಳೆಯುವುದು, ಪಕ್ಕದ ಕೋಣೆಯವರ ಜಗಳ ಕೇಳುತ್ತಾ ಮಲಗುವುದು. ಮಾರ್ಲಾಳಿಗೆ ಊರೂರು ತಿರುಗುವ ಆಸೆಯೆಲ್ಲ ಬತ್ತಿಹೋಗಿತ್ತು. ತನ್ನದೆನ್ನುವ ಒಂದು ಒಲೆ, ಒಂದು ಬಾಗಿಲು ಸಿಕ್ಕರೆ ಸಾಕಾಗಿತ್ತು.

ಬಟ್ಟೆ ಒಗೆಯುವ ಅಂಗಡಿಯ ಗೋಡೆಯಲ್ಲಿ ಅವಳೇ ಆ ಚೀಟಿ ನೋಡಿದ್ದು. 'ಫಿಫ್ತ್ ವೀಲ್ ಟ್ರೇಲರ್ ಮಾರಾಟಕ್ಕಿದೆ. ಗಂಡ ತೀರಿಕೊಂಡಿದ್ದಾರೆ. ಅರ್ಡೆಲ್.' ಕೆಳಗೆ ಫೋನ್ ನಂಬರು.

ಊರಾಚೆ ಬೆಟ್ಟದ ಬುಡದಲ್ಲಿ ಟ್ರೇಲರ್‌ಗಳೇ ಸಾಲಾಗಿ ನಿಂತ ಕಾಲೊನಿ. ಅರ್ಡೆಲ್ ಗಂಡಸರ ಹ್ಯಾಟು ಹಾಕಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದಳು. ಎಪ್ಪತ್ತು ದಾಟಿದ ಒಣಕಲು ಹೆಂಗಸು, ಸೊಂಟದ ಆಪರೇಷನ್ ಆಗಿ ಬಗ್ಗಲು ಬಾರದು. ಗಂಡ ವರ್ಲಿನ್ ಸತ್ತ ಮೇಲೆ ಅಷ್ಟು ದೊಡ್ಡ ಗಾಡಿ ಎಳೆಯುವ ಧೈರ್ಯ ಅವಳಿಗಿರಲಿಲ್ಲ. ಇದನ್ನು ಮಾರಿ ಬೇಕರ್ಸ್‌ಫೀಲ್ಡ್‌ನಲ್ಲಿದ್ದ ತಂಗಿಯ ಮನೆ ಸೇರುವವಳಿದ್ದಳು.

ಗಾಡಿ ಹಳೆಯದು. ಕಟ್ಟಿದ ಕಾರ್ಖಾನೆ ಮುಚ್ಚಿಯೇ ಎಷ್ಟೋ ವರ್ಷ. ಮುಂದಿನ ಕತ್ತು ಪಿಕಪ್ಪಿನ ಬೆನ್ನಿನ ಮೇಲೆ ಕೂರುತ್ತದೆ, ಆ ಕತ್ತಿನ ಮೇಲೆ ಮಲಗುವ ಕೋಣೆ, ಎರಡು ಮೆಟ್ಟಿಲು ಇಳಿದರೆ ಅಡುಗೆಮನೆ. ಮಾರ್ಲಾ ಸಿಂಕಿನ ಮುಂದೆ ನಿಂತಳು. ಎದುರಿಗೆ ಕಿಟಕಿ. ಓವನ್ನಿನ ಬಾಗಿಲು ತೆಗೆದರೆ ಕಿರ್ರೆನ್ನಲಿಲ್ಲ. ಡ್ರಾಯರುಗಳೆಲ್ಲ ಗಟ್ಟಿ ಮರ. ಇದು ನನ್ನದು, ಇದನ್ನು ಬಿಟ್ಟು ನಾನು ಹೋಗುವುದಿಲ್ಲ ಎಂದುಕೊಂಡಳು.

ಹೊರಗೆ ರಾಯ್ಸ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೊರತೆ ಹುಡುಕುತ್ತಿದ್ದ. ಅವನು ಚಾವಣಿ ಹತ್ತಿ ಇಳಿದಾಗ ಮಾರ್ಲಾ ಕಿಟಕಿಯಿಂದ ಅವನ ಮುಖ ನೋಡಿದಳು. ಆ ಮುಖ ಅವಳಿಗೆ ಹೊಸದು. ಒಂದು ಕೊರತೆಯೂ ಸಿಕ್ಕಿರಲಿಲ್ಲ.

"ವರ್ಲಿನ್ ಪ್ರತಿ ವಸಂತಕ್ಕೂ ಚಾವಣಿ ಸಂದೆಲ್ಲ ಕೆರೆದು ಹೊಸದಾಗಿ ಅಂಟು ಮೆತ್ತೋನು," ಅರ್ಡೆಲ್ ಹೇಳಿದಳು. "ತಿಂಗಳಿಗೊಂದು ಸಲ ಹಳೇ ಕಾರ್ಪೆಟ್ ಹಾಸ್ಕೊಂಡು ಕೆಳಗೆ ಮಲಗಿರೋನು. ಏನಪ್ಪಾ ಅದು, ನನಗಿಂತ ಈ ಗಾಡಿ ಮೇಲೇ ಜಾಸ್ತಿ ಪ್ರೀತಿ ನಿಂಗೆ ಅಂತ ಬೈತಿದ್ದೆ. ಇನ್ನೊಬ್ಬ ಅಂಥೋನು ನಿಮಗೆ ಸಿಗಲ್ಲ ಬಿಡಿ."

ಈ ಮಾತು ರಾಯ್ಸ್‌ನ ಹೊಟ್ಟೆಗೆ ಬೆಂಕಿ ಇಟ್ಟಿತು. ಅವಳು ಹೇಳಿದ ಬೆಲೆ ನ್ಯಾಯವಾಗಿತ್ತು, ಕೊಡುವ ಶಕ್ತಿಯೂ ಅವನಿಗಿತ್ತು. ಜೇಬಿಗೆ ಕೈ ಹಾಕಿದ್ದರೆ ಮುಗಿದೇಹೋಗುತ್ತಿತ್ತು. ಆದರೆ ತಪ್ಪು ಹಿಡಿಯದೆ ಕೊಂಡರೆ ಅವನು ರಾಯ್ಸ್ ಹೇಗಾದಾನು? ಸತ್ತವನೊಬ್ಬ ತನಗಿಂತ ಜಾಣನೆಂದು ಒಪ್ಪಿ ಹಣ ಎಣಿಸುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಕಂತ್ರಿ ಬುದ್ಧಿ.

ಗಾಡಿಯ ಕತ್ತಿನಡಿ ತೂರಿದವನು ಬಹಳ ಹೊತ್ತು ಅಲ್ಲೇ ಇದ್ದ. ಆಮೇಲೆ ಕೂಗಿದ: "ಮಾರ್ಲಾ, ಇಲ್ಲಿ ಬಾ. ನೀನೇ ನೋಡು."

ಅವಳು ತೂರಿದಳು. ಟಾರ್ಚಿನ ಬೆಳಕಿನಲ್ಲಿ ಕಪ್ಪು ಉಕ್ಕು, ದರ್ಜಿ ಹೊಲಿದಂಥ ಅಚ್ಚುಕಟ್ಟಾದ ವೆಲ್ಡಿಂಗು. ಕೂದಲೆಳೆಯಷ್ಟು ಗೀರೂ ಇಲ್ಲ. ರಾಯ್ಸ್ ಅವಳ ಮಣಿಕಟ್ಟು ಹಿಡಿದು ಅದುಮಿದ. ಹೊರಗೆ ಕೇಳುವಷ್ಟು ಗಟ್ಟಿಯಾಗಿ, "ಬಿರುಕು ಕಾಣ್ತಾ?" ಎಂದ.

ಮಾರ್ಲಾಳಿಗೆ ಮೋಟೆಲ್ಲಿನ ಕೋಣೆ ನೆನಪಾಯಿತು.

"ಹೂಂ, ಕಾಣ್ತಿದೆ," ಎಂದಳು.

ರಾಯ್ಸ್ ಎದ್ದು ಕೈ ಒರೆಸಿಕೊಂಡ. "ನೋಡಮ್ಮಾ, ನಾನು ಬಾಯ್ತುಂಬ ಹೊಗಳಿ ಹೋಗೋ ಜಾತಿ ಅಲ್ಲ. ಚಾಸಿ ಬಿರುಕು ಬಿಟ್ಟಿದೆ, ಸರಿಯಾಗಿ ಕತ್ತಿನ ಹತ್ರ. ಇಳಿಜಾರಲ್ಲಿ ಒಂದು ಸಲ ಗಟ್ಟಿ ಬ್ರೇಕ್ ಹಾಕಿದ್ರೆ ಇಡೀ ಮನೆ ಕಳಚ್ಕೊಂಡು ಎಳೆಯೋರ ಮೇಲೇ ಬೀಳುತ್ತೆ. ನಾನಾದ್ರೆ ಇದರೊಳಗೆ ನಾಯೀನೂ ಕಟ್ಟಲ್ಲ."

"ಆಗೋಕೇ ಇಲ್ಲ," ಅರ್ಡೆಲ್ ಅಂದಳು. "ವರ್ಲಿನ್ ತಿಂಗಳ ತಿಂಗಳ ನೋಡ್ತಿದ್ನಲ್ಲ."

ಇಲ್ಲಿಗೆ ನಿಲ್ಲಿಸಬಹುದಿತ್ತು. ಬೆಲೆ ಇಳಿಸಲು ಇಷ್ಟು ಸಾಕಾಗಿತ್ತು. ಆದರೆ ರಾಯ್ಸ್‌ಗೆ ಕೆಲಸ ಪೂರ್ತಿ ಮುಗಿಸಿಯೇ ಅಭ್ಯಾಸ.

"ನೋಡಿದಾರೆ ಕಣಮ್ಮಾ, ಅದಕ್ಕೇ ಮೇಲೆ ಬಣ್ಣ ಬಳಿದಿದಾರೆ," ಎಂದ. "ಹೊಸ ಬಣ್ಣ ಅಲ್ಲ, ಹಳೇದು. ಬಣ್ಣ ಬಳಿದೋನಿಗೆ ಬಿರುಕು ಗೊತ್ತಿರಲೇಬೇಕಲ್ವಾ?"

ಅರ್ಡೆಲ್ ಮಾರ್ಲಾಳ ಕಡೆ ತಿರುಗಿದಳು. "ನೀನೂ ನೋಡಿದ್ಯೇನಮ್ಮಾ?"

ಮಾರ್ಲಾ ಹೌದೆಂದು ತಲೆ ಆಡಿಸಿದಳು.

ಮುದುಕಿ ಮೆಟ್ಟಿಲ ಮೇಲೆ ಕೂತಳು. "ಹಾಗಾದ್ರೆ ಅವನಿಗೆ ಗೊತ್ತಿತ್ತು," ಎಂದಳು. ಅವರಿಬ್ಬರೂ ಅಲ್ಲೇ ನಿಂತಿರುವುದೇ ಅವಳಿಗೆ ಮರೆತಂತಿತ್ತು. "ಗೊತ್ತಿದ್ದೂ ನಂಗೆ ಹೇಳಲಿಲ್ಲ."

ರಾಯ್ಸ್ ಅರ್ಧ ಬೆಲೆ ಹೇಳಿದ. ತಾನೇ ವೆಲ್ಡಿಂಗ್ ಮಾಡಿಸಿಕೊಳ್ಳುತ್ತೇನೆ, ನಿಮ್ಮ ತಲೆನೋವು ತಪ್ಪುತ್ತದೆ ಎಂದ. ನಾಳೆ ಬನ್ನಿ, ಯೋಚಿಸಿ ಹೇಳ್ತೀನಿ ಎಂದಳು ಅರ್ಡೆಲ್.

ವಾಪಸ್ ಬರುವಾಗ ರಾಯ್ಸ್ ದಾರಿಯಲ್ಲಿ ಗಾಡಿ ನಿಲ್ಲಿಸಿ ಟಾಕೊ ಕೊಡಿಸಿದ. ಬಾಯಿ ತುಂಬ ತಿನ್ನುತ್ತಾ, "ಚಿನ್ನದಂಥ ಗಾಡಿ ಕಣೇ," ಎಂದ. "ಆ ಮುದುಕ ದೇವರಂಥೋನು. ಒಂದು ಬೋಲ್ಟಿಗೂ ತುಕ್ಕಿಲ್ಲ."

"ಅದನ್ನ ಅವಳಿಗೆ ಹೇಳಬೇಕಿತ್ತು," ಎಂದಳು ಮಾರ್ಲಾ.

"ವ್ಯಾಪಾರ ಅಂದ್ಮೇಲೆ ಎಲ್ಲರೂ ಒಂದು ಮಾತು ಹೇಳ್ತಾರೆ. ನೀನೂ ಹೇಳಿದ್ಯಲ್ಲ."

ಮಾರ್ಲಾ ಮಲಗುವವರೆಗೂ ಯಾವ ಪಾತ್ರೆ ಯಾವ ಕಪಾಟಿಗೆ ಎಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು. ನಾಚಿಕೆ ಆಗುತ್ತಿತ್ತು, ಜೋಡಿಸುವುದೂ ನಿಲ್ಲಲಿಲ್ಲ.

ಮರುದಿನ ಹೋದಾಗ ಅರ್ಡೆಲ್‌ಳ ಸಾಮಾನೆಲ್ಲ ಅವಳ ಪುಟ್ಟ ಕಾರಿನೊಳಗಿತ್ತು. ಕಣ್ಣು ಕೆಂಪಾಗಿದ್ದವು.

"ರಾತ್ರಿ ಕಾರಲ್ಲೇ ಮಲಗಿದ್ದೆ," ಎಂದಳು. "ಇದರೊಳಗೆ ಕಾಲಿಡೋಕೆ ಮನಸ್ಸಾಗಲಿಲ್ಲ. ನಿಮಗೆ ಇದನ್ನ ಮಾರಲ್ಲ ನಾನು."

ರಾಯ್ಸ್‌ನ ನಗು ಹಾಗೇ ಉಳಿಯಿತು. "ಅರ್ಧ ಕಡಿಮೆ ಆಯ್ತಾ? ಇನ್ನೊಂದಿಷ್ಟು ಸೇರಿಸೋಣ ಬಿಡಿ."

"ದುಡ್ಡಿನ ಮಾತಲ್ಲಪ್ಪ. ನೀವು ಒಳ್ಳೇ ಜನ. ಸುಮ್ಮನೆ ಹೋಗಬಹುದಾಗಿತ್ತು, ನಿಂತು ನಿಜ ಹೇಳಿದ್ರಿ. ನಿಮ್ಮನ್ನ ಇದರಲ್ಲಿ ಕಳಿಸಿ ನಾಳೆ ನೀವು ಸತ್ತ ಸುದ್ದಿ ಬಂದ್ರೆ ನಾನು ಹೇಗೆ ಬದುಕ್ಲಿ? ಯಾರಿಗೂ ಮಾರಲ್ಲ. ಗುಜರಿಯೋನಿಗೆ ಹೇಳಿಬಿಟ್ಟಿದೀನಿ, ಪುಕ್ಕಟೆ ತಗೊಂಡು ಹೋಗಿ ನುಜ್ಜುಗುಜ್ಜು ಮಾಡಲಿ."

"ಅಷ್ಟು ದೊಡ್ಡ ಬಿರುಕೇನಲ್ಲಮ್ಮ," ರಾಯ್ಸ್ ತೊದಲಿದ. "ಒಂದು ಗಂಟೆ ವೆಲ್ಡಿಂಗು—"

"ನಾಯೀನೂ ಕಟ್ಟಲ್ಲ ಅಂದ್ರಿ."

ಹೇಳಿದ್ದನ್ನು ನುಂಗಲು ಅವನಿಗಿದ್ದದ್ದು ಒಂದೇ ದಾರಿ: ನಾನು ಸುಳ್ಳು ಹೇಳಿದೆ ಎನ್ನುವುದು. ಆ ಮೂರು ಪದ ಅವನ ಬಾಯಿಂದ ಬರಲಿಲ್ಲ. ಅಷ್ಟರಲ್ಲಿ ಗುಜರಿಯ ಡಟನ್ ತನ್ನ ಲಾರಿ ತಂದು ನಿಲ್ಲಿಸಿದ. ಹೊಟ್ಟೆ ಮುಂದಿಟ್ಟುಕೊಂಡು ಇಳಿದವನು ಕೊಂಡಿ ಹಾಕಲು ಕತ್ತಿನಡಿ ಬಗ್ಗಿದ, ಟಾರ್ಚು ಬಿಟ್ಟ, ಬೆರಳಾಡಿಸಿದ. ಆಮೇಲೆ ತಲೆ ಹೊರಗೆ ಹಾಕಿ, "ಬಿರುಕು ಕಂಡುಹಿಡಿದೋರು ಯಾರು?" ಎಂದು ಕೇಳಿದ.

ಅರ್ಡೆಲ್ ರಾಯ್ಸ್‌ನತ್ತ ಕೈ ತೋರಿಸಿದಳು.

ಡಟನ್ ಅವನನ್ನು ಮೇಲಿಂದ ಕೆಳಗೆ ನೋಡಿದ. ತುಟಿಯ ಮೂಲೆಯಲ್ಲಿ ನಕ್ಕ. "ಭಲೇ ಕಣ್ಣು ಸ್ವಾಮಿ ನಿಮ್ಮದು," ಎಂದ.

ಮಾರ್ಲಾಳಿಗೆ ತಡೆಯಲಾಗಲಿಲ್ಲ. ಓಡಿಹೋಗಿ ಮುದುಕಿಯ ತೋಳು ಹಿಡಿದಳು. "ಅರ್ಡೆಲ್, ಬಿರುಕಿಲ್ಲ. ನಿನ್ನೆ ನಾವು ಸುಳ್ಳು ಹೇಳಿದ್ವಿ, ಬೆಲೆ ಇಳಿಸೋಕೆ. ನಿಮ್ಮ ಗಂಡ ಏನೂ ಮುಚ್ಚಿಟ್ಟಿಲ್ಲ. ರಾಯ್ಸ್, ಹೇಳು."

ರಾಯ್ಸ್ ಡಟನ್‌ನ ಮುಖ ನೋಡಿದ. ಇನ್ನೊಬ್ಬ ಗಂಡಸಿನ ಎದುರು, ಅದೂ ಕಬ್ಬಿಣ ಬಲ್ಲವನ ಎದುರು ಒಪ್ಪಿಕೊಳ್ಳುವುದೇ? "ಮಾರ್ಲಾ, ಪಿಕಪ್ ಹತ್ತು," ಎಂದ.

"ನೀವಾದ್ರೂ ಹೇಳಿ," ಅವಳು ಡಟನ್‌ನನ್ನು ಕೇಳಿದಳು. "ಈಗ ತಾನೆ ನೋಡಿದ್ರಲ್ಲ."

ಪುಕ್ಕಟೆ ಬಂದ ಗಾಡಿಯ ಕೊಂಡಿ ಆಗಲೇ ಡಟನ್‌ನ ಲಾರಿಗೆ ಬಿದ್ದಿತ್ತು. "ಇದೆ ಮೇಡಂ ಬಿರುಕು," ಎಂದ ಅರ್ಡೆಲ್‌ಗೆ, ಹ್ಯಾಟು ತೆಗೆದು, ಬಹಳ ಮರ್ಯಾದೆಯಿಂದ. "ಬೆರಳು ತೂರುತ್ತೆ. ನಿಮ್ಮ ಪುಣ್ಯ, ಇಷ್ಟು ದಿನ ಉಳಿದಿದ್ದೀರಿ. ಒಳಗೆ ಏನಾದ್ರೂ ತಗೊಳೋದಿದೆಯಾ?"

"ನನಗೆ ಬೇಕಾದ್ದು ಏನೂ ಇಲ್ಲ," ಎಂದಳು ಅರ್ಡೆಲ್.

ಆಮೇಲೆ ಮಾರ್ಲಾಳ ಕೆನ್ನೆ ತಟ್ಟಿದಳು. ಅಂಗೈ ತಣ್ಣಗಿತ್ತು. "ಮನೆ ಬೇಕು ಅಂತ ಇಷ್ಟೊಂದು ಆಸೆಯಾ ಮಗಳೇ ನಿಂಗೆ? ಸಾಯೋಕೂ ತಯಾರಾಗಿ ಸುಳ್ಳು ಹೇಳ್ತಿದ್ಯಲ್ಲ. ಬೇರೆ ಸಿಗುತ್ತೆ, ಹೋಗು."

ಗಾಡಿಯೇನೂ ನುಜ್ಜುಗುಜ್ಜಾಗಲಿಲ್ಲ. ಕ್ರಿಸ್‌ಮಸ್‌ಗೆ ಮುಂಚೆಯೇ ಡಟನ್ ಅದನ್ನು ತೊಳೆದು, ರಸ್ತೆಗೆ ಮುಖ ಮಾಡಿ ನಿಲ್ಲಿಸಿ, 'ಖಾಯಂ ವಾಸಕ್ಕೆ ಗಟ್ಟಿ ಗಾಡಿ' ಎಂದು ಬೋರ್ಡು ಹಾಕಿದ. ಅರ್ಡೆಲ್ ಕೇಳಿದ್ದಕ್ಕಿಂತ ಎರಡು ಪಟ್ಟು ಬೆಲೆ. ಬೋರ್ಡು ನೋಡಿ ಬಂದ ರಾಯ್ಸ್ ತಗಾದೆ ತೆಗೆಯಲು ಬಾಯಿ ತೆರೆದ. ಡಟನ್ ಬೆನ್ನು ತಟ್ಟಿ, "ಬೇಕಾದ್ರೆ ಕೆಳಗೆ ಹೋಗಿ ಬಿರುಕು ಹುಡುಕಿ ಸ್ವಾಮಿ, ಸಿಕ್ಕಿದ್ರೆ ಬಿಟ್ಟಿ ಕೊಡ್ತೀನಿ," ಎಂದು ಹಲ್ಲು ಕಿರಿದ. ರಾಯ್ಸ್ ಕೇಳಿದಷ್ಟೂ ಕೊಟ್ಟ. ಜೀವಮಾನದಲ್ಲಿ ಅವನು ಚೌಕಾಸಿ ಮಾಡದೆ ಕೊಂಡದ್ದು ಅದೊಂದೇ.

"ಅವಳೇ ಎಸೆದು ಹೋದಳು, ನಾವೇನು ಕದ್ವಾ?" ಎಂದ ಹೆಂಡತಿಗೆ.

ಮಾರ್ಲಾ ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಮೊದಲ ದಿನವೇ ಓವನ್ನಿನಲ್ಲಿ ಬಿಸ್ಕತ್ತು ಬೇಯಿಸಿದಳು, ಚೆನ್ನಾಗಿ ಬೆಂದವು. ಚಳಿಗಾಲದ ಮಳೆಗೆ ಒಂದು ಹನಿ ಸೋರಲಿಲ್ಲ, ಬಿರುಗಾಳಿಗೆ ಒಂದು ಬಾಗಿಲು ಅಲುಗಲಿಲ್ಲ. ಅಷ್ಟು ಒಳ್ಳೆಯ ಮನೆ ಅವಳಿಗೆ ನೆಬ್ರಾಸ್ಕಾದಲ್ಲೂ ಇರಲಿಲ್ಲ.

ವಸಂತದಲ್ಲಿ ಕೊಲರಾಡೊದ ವುಲ್ಫ್ ಕ್ರೀಕ್ ಘಾಟಿ ದಾಟಿ ಕೆಳಗೆ ಬೀಡುಬಿಟ್ಟಾಗ ಚಳಿ ಇನ್ನೂ ಇತ್ತು. ಹೆಚ್ಚಿನ ಕಂಬಳಿ ಇಡಲು ಜಾಗ ಹುಡುಕುತ್ತಾ ಮಾರ್ಲಾ ಮಂಚದ ತಲೆಗಡೆಯ ಕಪಾಟಿನ ಹಿಂಬದಿಯ ಹಲಗೆ ಸರಿಸಿದಳು. ಅಲ್ಲಿ ಒಂದು ಮರದ ಪೆಟ್ಟಿಗೆ. ಮುಚ್ಚಳದ ಮೇಲೆ ವರ್ಲಿನ್‌ನ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಎತ್ತಿದರೆ ಒಳಗೆ ಬೂದಿ ಸರಿದ ಸದ್ದು. ಇಷ್ಟು ತಿಂಗಳು ಅವನ ತಲೆಗೆ ತಲೆ ಕೊಟ್ಟು ಅವರಿಬ್ಬರೂ ಮಲಗಿದ್ದರು.

ರಾಯ್ಸ್ ಹೊರಗೆ ಬೆಂಕಿ ಹಾಕುತ್ತಿದ್ದ. ಅವಳು ಫೋನಿನಲ್ಲಿ ಅರ್ಡೆಲ್‌ಳ ನಂಬರು ಹುಡುಕಿ ಒತ್ತಿದಳು.

"ಅರ್ಡೆಲ್, ನಾನು ಮಾರ್ಲಾ. ಯೂಮಾದಲ್ಲಿ ನಿಮ್ಮ ಗಾಡಿ ನೋಡೋಕೆ ಬಂದಿದ್ದೆವಲ್ಲ. ವರ್ಲಿನ್ ಅವರ ಬೂದಿ ನನ್ನ ಹತ್ರ ಇದೆ. ಮರೆತು ಬಿಟ್ಟುಹೋಗಿದೀರಿ, ಅಡ್ರೆಸ್ ಕೊಡಿ, ತಂದುಕೊಡ್ತೀನಿ."

"ಮರೆತಿಲ್ಲ," ಎಂದಳು ಅರ್ಡೆಲ್. "ಅದರ ಜೊತೇಲೇ ಚೂರಾಗ್ಲಿ ಅಂತ ಇಟ್ಟುಬಂದೆ." ಆಮೇಲೆ ಕೇಳಿದಳು: "ನೀವು ಅದರೊಳಗೇ ಇದೀರಾ?"

"ಇದೀವಿ. ಅದನ್ನೇ ಹೇಳೋಕೆ ಫೋನ್ ಮಾಡಿದ್ದು. ಬಿರುಕಿಲ್ಲ ಅರ್ಡೆಲ್, ಯಾವತ್ತೂ ಇರಲಿಲ್ಲ. ಇವತ್ತು ವುಲ್ಫ್ ಕ್ರೀಕ್ ಹತ್ತಿ ಇಳಿದ್ವಿ. ಅಂಥ ಇಳಿಜಾರಲ್ಲೂ ಏನೂ ಆಗಲಿಲ್ಲ. ಇದಕ್ಕಿಂತ ಸಾಕ್ಷಿ ಬೇಕಾ? ನಿಮ್ಮ ಗಂಡ ನಿಮಗೆ ಮೋಸ ಮಾಡಿಲ್ಲ."

ಆ ಕಡೆ ಟಿವಿಯ ಸದ್ದು ತಗ್ಗಿತು.

"ನಾನೂ ಆ ಘಾಟಿ ದಾಟಿದ್ದೆ ಕಣಮ್ಮ," ಎಂದಳು ಅರ್ಡೆಲ್. "ವರ್ಷಕ್ಕೆರಡು ಸಲ. ಅವನು ಓಡಿಸೋನು, ನಾನು ಪಕ್ಕದಲ್ಲಿ ನಿದ್ದೆ ಮಾಡ್ತಿದ್ದೆ. ಯಾವತ್ತೂ ಏನೂ ಆಗಲಿಲ್ಲ ನಮಗೂ. ನಿನ್ನ ಗಂಡ ಬಂದು ಹೇಳೋವರೆಗೂ ನಾನೂ ಅದನ್ನೇ ಸಾಕ್ಷಿ ಅಂದ್ಕೊಂಡಿದ್ದೆ."

ಫೋನ್ ಇಟ್ಟಳು. ಮಾರ್ಲಾ ಮತ್ತೆ ಮಾಡಿದಳು, ಮತ್ತೆ ಮತ್ತೆ ಮಾಡಿದಳು. ಆ ಕಡೆ ಯಾರೂ ಎತ್ತಲಿಲ್ಲ.