ಟಕಟಕಳ ಹಾಡು

ಅಗ್ಗದ ಮಾಲಿಗೆ ಅಗ್ಗದ ಹೆಸರೇ ಇರಬೇಕೆಂಬುದು ಅಣ್ಣನ ಸಿದ್ಧಾಂತ. ಅದಕ್ಕೇ ತಾನು ಹೊರತಂದ ಹಾಡಿನ ಸಿಡಿಗೆ ‘ಕಿವಿಹರುಕು’ ಎಂದು ಹೆಸರಿಟ್ಟ. ರೇಡಿಯೊದವರು ಹೊಸ್ತಿಲು ಹತ್ತಲೂ ಬಿಡದ ಪಂಕ್, ಸ್ಕಾ, ಸೈಕೋಬಿಲ್ಲಿ ಎಂಬ ಅಬ್ಬರದ ಸಂಗೀತದ ತಂಡಗಳ ಹದಿನೆಂಟು ಹಾಡು, ಒಂದು ಊಟದ ಬೆಲೆಗೆ. ಹದಿನೇಳನ್ನು ಆರಿಸುವಾಗ ಅವನು ಯಾರ ಮಾತನ್ನೂ ಕೇಳಲಿಲ್ಲ. ಹದಿನೆಂಟನೆಯದಕ್ಕೆ ತಂಗಿ ಅವನ ಕಾಲು ಹಿಡಿಯುವುದೊಂದು ಬಾಕಿ ಇತ್ತು.

ತಂಗಿಗೆ ಟಕಟಕ ಎಂದು ಅಡ್ಡಹೆಸರು. ಸೈಕೋಬಿಲ್ಲಿಯಲ್ಲಿ ಬಾಸ್ ಎಂಬ ಆಳೆತ್ತರದ ಮರದ ತಂತಿವಾದ್ಯ ಇರುತ್ತದೆ. ಅದರ ತಂತಿಯನ್ನು ಬೆರಳಲ್ಲಿ ಎಳೆದು ಬಿಟ್ಟು, ಅಂಗೈಯಿಂದ ಹಲಗೆಗೆ ಬಡಿಯಬೇಕು. ಆ ಟಕ್ ಟಕ್ ಸದ್ದೇ ಹಾಡಿನ ಜೀವ. ಹೆಣವೂ ಎದ್ದು ಕುಣಿಯಬೇಕು, ಹಾಗೆ ಬಡಿಯುತ್ತಿದ್ದಳು ಅವಳು. ಆಮೇಲೆ ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಕತ್ತರಿಸುವ ಯಂತ್ರ ಅವಳ ಬಲಗೈಯ ಮೂರು ಬೆರಳನ್ನು ತಿಂದುಹಾಕಿತು.

“ಹೆಬ್ಬೆರಳು ಉಳೀತಲ್ಲ, ಪುಣ್ಯ ಮಾಡಿದೀಯ,” ಎಂದಿದ್ದ ಅಣ್ಣ, ಆಸ್ಪತ್ರೆಯಲ್ಲಿ ಸೇಬು ತಿನ್ನುತ್ತ. ಸೇಬು ಯಾರೋ ಅವಳಿಗೆಂದು ತಂದದ್ದು.

ಅವಳು ಬಾರಿಸಿದ್ದರಲ್ಲಿ ಟೇಪಿಗೆ ಹತ್ತಿದ್ದು ಒಂದೇ ಹಾಡು. ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾಡಿದ್ದು. ಅವತ್ತು ಡ್ರಮ್ಮಿನವನು ಕೈಕೊಟ್ಟಿದ್ದರಿಂದ ತಾಳವೆಲ್ಲ ಅವಳದೇ. ಹಾಡು, ಗಿಟಾರು ಅಣ್ಣನದು.

“ಅದೊಂದನ್ನ ಹಾಕೋ ಅಣ್ಣ. ಇನ್ನೇನೂ ಕೇಳಲ್ಲ. ನಾನೂ ಬಾರಿಸ್ತಿದ್ದೆ ಅನ್ನೋದಕ್ಕೆ ಇರೋದು ಅದೊಂದೇ.”

“ಆಯ್ತು ಬಿಡೆ, ತಲೆ ತಿನ್ನಬೇಡ.”

ಹಳೇ ಟೇಪುಗಳೆಲ್ಲ ಧೂಳು ಹಿಡಿದು ಚಟಪಟ ಎನ್ನುತ್ತಿದ್ದವು. ಅವನ್ನು ಶುಚಿ ಮಾಡಲು ಅಣ್ಣ ಹಿಡಿದದ್ದು ಕೋರ್ಟಿಗೆ ಸಾಕ್ಷಿಯಾಗಿ ಹೋಗುವ ಫೋನ್ ಮಾತುಕತೆಗಳ ಟೇಪಿನಿಂದ ಗಲೀಜು ಸದ್ದು ತೆಗೆಯುವ ಒಬ್ಬನನ್ನು. ಕಮ್ಮಿಗೆ ಒಪ್ಪಿದವನು ಅವನೊಬ್ಬನೇ. ಆ ಪುಣ್ಯಾತ್ಮನಿಗೆ ಸಂಗೀತವೂ ಒಂದೇ, ಸಾಕ್ಷಿಯೂ ಒಂದೇ. ಟಕ್ ಎಂದು ಚೂಪಾಗಿ ಕೇಳುವುದೆಲ್ಲ ಕಸ ಎಂದು ಕಂಪ್ಯೂಟರಿಗೆ ಹೇಳಿಟ್ಟು, ಹದಿನೆಂಟನ್ನೂ ಒಂದೇ ಜರಡಿಯಲ್ಲಿ ಸೋಸಿ ಕಳಿಸಿದ.

ಸಿಡಿ ಬಂದ ಸಂಜೆ ತಂಡದವರೆಲ್ಲ ಅದೇ ಹಿಂದಿನ ಕೋಣೆಯಲ್ಲಿ ಸೇರಿದರು. ಟಕಟಕ ಹೊಸ ಅಂಗಿ ಹಾಕಿಕೊಂಡು, ಕಾರ್ಖಾನೆಯ ಗೆಳತಿಯನ್ನೂ ಕರೆತಂದಿದ್ದಳು. “ನನ್ನ ಕೈ ಹೆಂಗಿತ್ತು ಅಂತ ಕೇಳು ಬಾ,” ಎಂದು ಎಳೆದುಕೊಂಡು ಬಂದಿದ್ದಳು.

ಹಾಡು ಶುರುವಾಯಿತು. ಅಣ್ಣನ ಗಿಟಾರು, ಅಣ್ಣನ ಗಂಟಲು. ಅವಳು ಕಾದಳು. ಮೊದಲ ಚರಣ ಮುಗಿಯಿತು, ಎರಡನೆಯದೂ ಮುಗಿಯಿತು. ಬಾಸ್ ಇರಬೇಕಾದಲ್ಲಿ ಪಕ್ಕದ ಮನೆಯಲ್ಲಿ ಯಾರೋ ನರಳಿದ ಹಾಗೆ ಬರೀ ಒಂದು ಗುಂಯ್.

“ನಿಂದು ಯಾವಾಗ ಬರುತ್ತೆ?” ಎಂದು ಗೆಳತಿ ಪಿಸುಗುಟ್ಟಿದಳು.

“ತಾಳಾನೇ ಇಲ್ದೆ ಹಾಡಿದೀಯಲ್ಲೋ! ಏನು ಗುಂಡಿಗೆ ನಿಂದು!” ಎಂದು ಹಸಿರು ಜುಟ್ಟಿನವನೊಬ್ಬ ಅಣ್ಣನ ಬೆನ್ನು ತಟ್ಟಿದ. ಅಣ್ಣ ಹಲ್ಲು ಕಿರಿದ, ಅಲ್ಲ ಎನ್ನಲಿಲ್ಲ.

ಅವಳು ಅವನನ್ನು ಮೂಲೆಗೆ ಎಳೆದಳು. “ನಾನೆಲ್ಲಿ?”

“ಆ ಟೇಪ್ ಶುಚಿ ಮಾಡೋನು ನಿನ್ನ ಟಕ್ ಟಕ್ಕನ್ನ ಕಸ ಅಂದ್ಕೊಂಡ. ಏನ್ಮಾಡೋದು? ಕವರ್ ಮೇಲೆ ನಿನ್ನ ಹೆಸರು ಹಾಕಿಸಿದೀನಿ, ನೋಡು.”

“ಮೂಲ ಟೇಪ್ ಕೊಡು.”

“ಅದರ ಮೇಲೆ ಮೊನ್ನೆ ಬೇರೆ ತಂಡದ್ದು ತುಂಬಿಸಿದೆ. ಅವನ ಹತ್ರಾನೂ ಇಲ್ಲ, ಕೆಲಸ ಮುಗಿದ ಮೇಲೆ ಅಳಿಸಿಬಿಡ್ತಾನೆ.”

“ಅಚ್ಚಿಗೆ ಕೊಡೋ ಮುಂಚೆ ಒಂದ್ಸಲನೂ ಕೇಳಲಿಲ್ವಾ ನೀನು?”

“ಕೇಳ್ದೆ.” ಅಣ್ಣ ಅವಳ ಭುಜ ಸವರಿದ. “ನೀನಿಲ್ದೇನೇ ಚೆನ್ನಾಗಿತ್ತು ಕಣೆ. ನನ್ನ ದನಿ ಮೊದಲನೇ ಸಲ ನೆಟ್ಟಗೆ ಕೇಳಿಸ್ತು.”

ಅವನ ಕತ್ತು ಹಿಚುಕಬೇಕೆನಿಸಿತು ಅವಳಿಗೆ. ಅದಕ್ಕೂ ಬೆರಳು ಬೇಕು.

ಅಷ್ಟರಲ್ಲಿ ಕೋಣೆಯವರೆಲ್ಲ “ಇನ್ನೊಂದ್ಸಲ!” ಎಂದು ಕೂಗಿದರು. ಅಣ್ಣ ಓಡಿ ಹೋಗಿ ಅದೇ ಹಾಡು ಹಾಕಿದ. ಹಾಡು ಬೋಳಾಗಿ ತೂಗಾಡತೊಡಗಿದಾಗ, “ಎಲ್ಲರೂ ಚಪ್ಪಾಳೆ ಹೊಡೀರಿ!” ಎಂದು ಅರಚಿದ. ಒಬ್ಬೊಬ್ಬರದು ಒಂದೊಂದು ದಿಕ್ಕು, ತಾಳ ಚೆಲ್ಲಾಪಿಲ್ಲಿ.

“ಏ, ನೀನೂ ಹೊಡಿಯೇ! ತಾಳ ಗೊತ್ತಿರೋಳು ನೀನೇ ಅಲ್ವಾ!” ಎಂದು ತಂಗಿಯತ್ತ ಕೂಗಿದ.

ಎಲ್ಲರೂ ತಿರುಗಿ ನೋಡಿದರು. ಟಕಟಕ ಆ ಬಲಗೈಯನ್ನು ಜೇಬಿನಿಂದ ತೆಗೆದು ಚಪ್ಪಾಳೆ ಹೊಡೆದಳು. ತಾಳ ಎಲ್ಲೂ ತಪ್ಪಲಿಲ್ಲ. ಅಷ್ಟು ಜನರ ಗದ್ದಲದಲ್ಲಿ ಅದರ ಸದ್ದು ಮಾತ್ರ ಯಾರಿಗೂ ಕೇಳಿಸಲಿಲ್ಲ.